ಲೈಬ್ರರಿಯ ಕಂಪ್ಯೂಟರ್ ಎಣಿಸಿದರೆ ಸಾಲದು



ಒಂದು ಗ್ರಂಥಾಲಯ ಚೆನ್ನಾಗಿ ನಡೆಯುತ್ತಿದೆ ಎಂದು ಹೇಳುವುದು ಹೇಗೆ? ಈ ಪ್ರಶ್ನೆಗೆ ಸಿದ್ಧ ಉತ್ತರಗಳಿವೆ. ಕಪಾಟಿನಲ್ಲಿ ಎಷ್ಟು ಪುಸ್ತಕಗಳಿವೆ, ಎಷ್ಟು ಜನ ಸದಸ್ಯರಿದ್ದಾರೆ, ದಿನಕ್ಕೆ ಎಷ್ಟು ಮಂದಿ ಬಾಗಿಲ ಬಳಿಯ ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಬರುತ್ತಾರೆ, ಎಷ್ಟು ಪುಸ್ತಕ ಮನೆಗೆ ಹೋಗಿ ಮರಳಿ ಬಂದವು. ವರ್ಷದ ಕೊನೆಗೆ ಈ ಅಂಕಿಗಳನ್ನು ಕೂಡಿಸಿ ಮೇಲಿನ ಕಚೇರಿಗೆ ಕಳಿಸಿದರೆ ಅಲ್ಲಿಗೆ ಲೆಕ್ಕ ಮುಗಿಯಿತು. ಪುಸ್ತಕದ ವಿಷಯದಲ್ಲಿ ಈ ಲೆಕ್ಕ ಹೇಗೋ ನಡೆಯುತ್ತದೆ. ಪುಸ್ತಕವನ್ನು ಮನೆಗೆ ಒಯ್ದವರು ನಾಲ್ಕು ಪುಟವನ್ನಾದರೂ ಓದಿಯಾರು ಎಂದು ನಂಬಬಹುದು.

ಕಂಪ್ಯೂಟರ್ ಬಂದ ಮೇಲೆಯೂ ಅದೇ ಲೆಕ್ಕ ಮುಂದುವರಿಯಿತು. ಎಷ್ಟು ಯಂತ್ರಗಳಿವೆ, ಎಷ್ಟು ಜನ ಕೂತರು, ಎಷ್ಟು ಗಂಟೆ ಕೂತರು. ಆದರೆ ಕಂಪ್ಯೂಟರಿನ ಮುಂದೆ ಒಂದು ಗಂಟೆ ಕೂತ ವ್ಯಕ್ತಿ ಕೆಲಸದ ಅರ್ಜಿ ತುಂಬಿ ಸಮಾಧಾನದಿಂದ ಎದ್ದರೋ, ಪಾಸ್‌ವರ್ಡ್ ಮರೆತು ಅರ್ಧಕ್ಕೇ ಕೈಬಿಟ್ಟು ಎದ್ದರೋ ಎಂಬುದನ್ನು ಸಹಿಯ ಪುಸ್ತಕ ಹೇಳುವುದಿಲ್ಲ. ಎರಡೂ ಸಂದರ್ಭದಲ್ಲಿ ಅಲ್ಲಿ ದಾಖಲಾಗುವುದು ಒಂದು ಹೆಸರು, ಒಂದು ಗಂಟೆ ಮಾತ್ರ.

ಈ ಕೊರತೆಯನ್ನು ಗುರುತಿಸಿ ತುಂಬಿಕೊಳ್ಳಲು ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳಿಗೆ ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಆ ಕತೆ ತಿಳಿದುಕೊಳ್ಳುವಂಥದ್ದು. ಊರೂರಿನ ಗ್ರಂಥಾಲಯಗಳಿಗೆ ಕಂಪ್ಯೂಟರ್ ಬಂದಿರುವ ಕರ್ನಾಟಕಕ್ಕಂತೂ ಅದು ದೂರದ ಕತೆಯಲ್ಲ.

ಕಟ್ಟಡ ಕೊಟ್ಟ ಕಾರ್ನೆಗಿ

ಕಂಪ್ಯೂಟರಿಗಿಂತ ನೂರು ವರ್ಷ ಹಿಂದೆಯೇ ಈ ಕತೆಯ ಮೊದಲ ಅಧ್ಯಾಯ ನಡೆದುಹೋಗಿತ್ತು. ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಎಂಬ ಊರಿನ ನೇಕಾರರ ಮನೆಯಲ್ಲಿ ಹುಟ್ಟಿ, ಅಮೆರಿಕಕ್ಕೆ ವಲಸೆ ಹೋಗಿ, ಉಕ್ಕಿನ ಉದ್ಯಮದಲ್ಲಿ ಅಪಾರ ಹಣ ಮಾಡಿದವರು ಆಂಡ್ರ್ಯೂ ಕಾರ್ನೆಗಿ. ಹುಡುಗನಾಗಿದ್ದಾಗ ಊರಿನ ಗೃಹಸ್ಥರೊಬ್ಬರು ದುಡಿಯುವ ಹುಡುಗರಿಗೆಂದು ತೆರೆದಿಟ್ಟಿದ್ದ ಪುಸ್ತಕಗಳನ್ನು ಓದಿ ಬೆಳೆದ ಕಾರ್ನೆಗಿ, ಮುಂದೆ ಗ್ರಂಥಾಲಯ ಕಟ್ಟಡಗಳಿಗೆ ಹಣ ಕೊಡತೊಡಗಿದರು. ಅಮೆರಿಕ ಒಂದರಲ್ಲೇ ಅವರ ಹಣದಿಂದ 1,600ಕ್ಕೂ ಹೆಚ್ಚು ಸಾರ್ವಜನಿಕ ಗ್ರಂಥಾಲಯಗಳು ಎದ್ದವು.

ಕಾರ್ನೆಗಿ ವ್ಯಾಪಾರಸ್ಥ. ಕೈಬಿಚ್ಚಿ ಕೊಟ್ಟರೂ ಒಂದು ಷರತ್ತು ಹಾಕುತ್ತಿದ್ದರು. ನಿವೇಶನವನ್ನು ಊರಿನವರೇ ಕೊಡಬೇಕು. ಕಟ್ಟಡಕ್ಕೆ ಕೊಟ್ಟ ಹಣದ ನೂರಕ್ಕೆ 10ರಷ್ಟನ್ನು ಪ್ರತಿ ವರ್ಷ ತೆರಿಗೆಯ ಹಣದಿಂದ ನಿರ್ವಹಣೆಗೆ ಎತ್ತಿಡಬೇಕು. ಅಂದರೆ 10 ಸಾವಿರ ಡಾಲರಿನ ಕಟ್ಟಡ ಬೇಕೆಂದರೆ ವರ್ಷಕ್ಕೆ ಸಾವಿರ ಡಾಲರ್ ಖರ್ಚು ಮಾಡುವುದಾಗಿ ಪುರಸಭೆ ಬರೆದುಕೊಡಬೇಕು. ಕಟ್ಟುವುದು ಒಂದು ದಿನದ ಮಾತು, ನಡೆಸುವುದು ದಿನನಿತ್ಯದ ಮಾತು ಎಂಬುದು ಅವರಿಗೆ ಗೊತ್ತಿತ್ತು.

ಹಾಗಿದ್ದೂ ಒಂದು ಅಂಶ ತಪ್ಪಿಹೋಗಿತ್ತು. ಕಾರ್ನೆಗಿ ನಿಧಿಯವರು ಆಲ್ವಿನ್ ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನು ಈ ಗ್ರಂಥಾಲಯಗಳನ್ನು ನೋಡಿ ಬರಲು ಕಳಿಸಿದರು. ಊರೂರು ಸುತ್ತಿ 1916ರಲ್ಲಿ ಜಾನ್ಸನ್ ಕೊಟ್ಟ ವರದಿಯ ಸಾರ ಸರಳವಾಗಿತ್ತು. ಕಟ್ಟಡಗಳಿವೆ, ತರಬೇತಿ ಪಡೆದ ಗ್ರಂಥಪಾಲಕರಿಲ್ಲ. ಕೆಲವೆಡೆ ಪುಸ್ತಕಕ್ಕೂ ಹಣವಿಲ್ಲ. ಇನ್ನು ಮುಂದೆ ಗೋಡೆಗಿಂತ ಹೆಚ್ಚಾಗಿ ಗೋಡೆಯ ಒಳಗೆ ಕೆಲಸ ಮಾಡುವವರ ಕಡೆ ಗಮನ ಹೋಗಬೇಕು. ಮರುವರ್ಷವೇ ಹೊಸ ಕಟ್ಟಡಗಳಿಗೆ ಹಣ ಕೊಡುವುದು ನಿಂತಿತು. ಎಷ್ಟು ಕಟ್ಟಡ ಎದ್ದವು ಎಂಬ ಎಣಿಕೆಯನ್ನು ಬಿಟ್ಟು, ಆ ಕಟ್ಟಡಗಳಲ್ಲಿ ಏನು ನಡೆಯುತ್ತಿದೆ ಎಂದು ಒಬ್ಬರು ಹೋಗಿ ನೋಡಿದ್ದರಿಂದ ಈ ಬದಲಾವಣೆ ಸಾಧ್ಯವಾಯಿತು.

ಯಂತ್ರ ಬಂತು, ಜನ ಬಂದರು

ಎರಡನೆಯ ಅಧ್ಯಾಯ 1990ರ ದಶಕದ್ದು. 1994ರಲ್ಲಿ ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳ ಸಮೀಕ್ಷೆ ನಡೆದಾಗ ಇಂಟರ್ನೆಟ್ ಸಂಪರ್ಕ ಇದ್ದದ್ದು ನೂರಕ್ಕೆ 21 ಗ್ರಂಥಾಲಯಗಳಲ್ಲಿ ಮಾತ್ರ. 1996ರ ದೂರಸಂಪರ್ಕ ಕಾಯ್ದೆಯಿಂದಾಗಿ ಶಾಲೆ ಮತ್ತು ಗ್ರಂಥಾಲಯಗಳಿಗೆ ರಿಯಾಯಿತಿ ದರದಲ್ಲಿ ಸಂಪರ್ಕ ಸಿಗುವಂತಾಯಿತು. 1997ರಲ್ಲಿ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ದಂಪತಿ ಗ್ರಂಥಾಲಯಗಳಿಗೆ ಕಂಪ್ಯೂಟರ್ ಕೊಡುವ ಕಾರ್ಯಕ್ರಮ ಆರಂಭಿಸಿದರು. ಬಡವರು ಹೆಚ್ಚಾಗಿರುವ ಊರುಗಳಿಗೆ ಮೊದಲ ಆದ್ಯತೆ. ಕೆಲವೇ ವರ್ಷಗಳಲ್ಲಿ ಸುಮಾರು 11 ಸಾವಿರ ಗ್ರಂಥಾಲಯಗಳಿಗೆ ಯಂತ್ರಗಳು ತಲುಪಿದವು. 2002ರ ಹೊತ್ತಿಗೆ ನೂರಕ್ಕೆ 98ಕ್ಕೂ ಹೆಚ್ಚು ಗ್ರಂಥಾಲಯಗಳಲ್ಲಿ ಇಂಟರ್ನೆಟ್ ಇತ್ತು.

ಎಣಿಕೆಯ ದೃಷ್ಟಿಯಿಂದ ಕೆಲಸ ಅಲ್ಲಿಗೆ ಮುಗಿದಿತ್ತು. ನಿಜವಾದ ಕೆಲಸ ಅಲ್ಲಿಂದಲೇ ಶುರುವಾಯಿತು ಎಂಬುದು ಗಮನಿಸಬೇಕಾದ ಸಂಗತಿ.

2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಲೂಸಿಯಾನ ಮತ್ತು ಮಿಸಿಸಿಪಿ ರಾಜ್ಯಗಳನ್ನು ಬಡಿಯಿತು. ಮನೆ ಕಳೆದುಕೊಂಡವರು ಪರಿಹಾರಕ್ಕೆ ಅರ್ಜಿ ಹಾಕಬೇಕಿತ್ತು, ಬಂಧುಗಳನ್ನು ಹುಡುಕಬೇಕಿತ್ತು. ಕಂಪ್ಯೂಟರ್ ಎಲ್ಲಿಂದ ಬರಬೇಕು? ಆ ಭಾಗದಲ್ಲಿ ಉಳಿದುಕೊಂಡಿದ್ದ ಗ್ರಂಥಾಲಯಗಳ ಮುಂದೆ ಜನ ಸಾಲುಗಟ್ಟಿದರು. ಅರ್ಜಿ ತುಂಬಿಸುವ ಕೆಲಸ ಗ್ರಂಥಪಾಲಕರ ಪಾಲಿಗೆ ಬಂತು. ಯಾರೂ ಅದನ್ನು ಅವರ ಕೆಲಸದ ಪಟ್ಟಿಯಲ್ಲಿ ಬರೆದಿರಲಿಲ್ಲ.

2008ರ ಆರ್ಥಿಕ ಕುಸಿತದಲ್ಲಿ ಇದು ಇಡೀ ದೇಶದ ಅನುಭವವಾಯಿತು. ಕೆಲಸ ಕಳೆದುಕೊಂಡವರು ಲಕ್ಷ ಲಕ್ಷ. ಅಷ್ಟರಲ್ಲಿ ದೊಡ್ಡ ಅಂಗಡಿಯ ಸಹಾಯಕನ ಕೆಲಸಕ್ಕೂ ಕಂಪ್ಯೂಟರಿನಲ್ಲೇ ಅರ್ಜಿ ಹಾಕುವ ಪದ್ಧತಿ ಬಂದುಬಿಟ್ಟಿತ್ತು. ನಿರುದ್ಯೋಗ ಭತ್ಯೆಯ ಅರ್ಜಿಯೂ ಹಾಗೆಯೇ. ಸರ್ಕಾರಿ ಕಚೇರಿಗಳು ಜನರನ್ನು ‘ಲೈಬ್ರರಿಗೆ ಹೋಗಿ, ಅಲ್ಲಿ ಮಾಡಿಕೊಡುತ್ತಾರೆ’ ಎಂದು ಕಳಿಸತೊಡಗಿದವು. ವಾಷಿಂಗ್ಟನ್ ವಿಶ್ವವಿದ್ಯಾಲಯದ ತಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಳಕೆಯ ಪ್ರಮಾಣವನ್ನು ಮೊದಲ ಬಾರಿಗೆ ದೇಶದ ಮಟ್ಟದಲ್ಲಿ ತೋರಿಸಿತು. 14 ವರ್ಷ ದಾಟಿದ ಅಮೆರಿಕನ್ನರಲ್ಲಿ ಸುಮಾರು ಮೂರನೇ ಒಂದು ಭಾಗ, ಅಂದರೆ 7 ಕೋಟಿ 70 ಲಕ್ಷ ಜನ, ಒಂದು ವರ್ಷದಲ್ಲಿ ಗ್ರಂಥಾಲಯದ ಕಂಪ್ಯೂಟರ್ ಅಥವಾ ಅಲ್ಲಿನ ಇಂಟರ್ನೆಟ್ ಬಳಸಿದ್ದರು. ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಗಳಲ್ಲಿ ಈ ಪ್ರಮಾಣ ನೂರಕ್ಕೆ 44. ಬಳಸಿದವರಲ್ಲಿ ನೂರಕ್ಕೆ 40 ಮಂದಿ ಉದ್ಯೋಗಕ್ಕೆ ಸಂಬಂಧಿಸಿದ ಕೆಲಸಕ್ಕಾಗಿ ಬಂದವರು.

ವಿಪರ್ಯಾಸವೆಂದರೆ ಜನ ಹೆಚ್ಚಾದ ಅದೇ ವರ್ಷಗಳಲ್ಲಿ ಗ್ರಂಥಾಲಯಗಳ ಹಣಕ್ಕೆ ಕತ್ತರಿ ಬಿತ್ತು. 2008ರ ನವೆಂಬರ್‌ನಲ್ಲಿ ಫಿಲಡೆಲ್ಫಿಯ ನಗರದ ಮೇಯರ್ ಮೈಕೆಲ್ ನಟ್ಟರ್ ನಗರದ 11 ಶಾಖಾ ಗ್ರಂಥಾಲಯಗಳನ್ನು ಮುಚ್ಚುವ ಪ್ರಸ್ತಾಪ ಮುಂದಿಟ್ಟರು. ಜನ ಬೀದಿಗಿಳಿದರು, ನ್ಯಾಯಾಲಯಕ್ಕೆ ಹೋದರು. ನಗರಸಭೆಯ ಒಪ್ಪಿಗೆಯಿಲ್ಲದೆ ಮುಚ್ಚುವಂತಿಲ್ಲ ಎಂದು ಡಿಸೆಂಬರ್ ಕೊನೆಯಲ್ಲಿ ನ್ಯಾಯಾಧೀಶರು ತಡೆದರು. ಆ ಶಾಖೆಗಳು ಅಂದು ಉಳಿದುಕೊಂಡವು. ಆದರೆ ಎಲ್ಲ ಊರುಗಳಲ್ಲೂ ಜನ ಬೀದಿಗಿಳಿಯುವುದಿಲ್ಲ, ಎಲ್ಲ ಬಾರಿಯೂ ನ್ಯಾಯಾಲಯ ಕಾಯುವುದಿಲ್ಲ. ಹಣಕಾಸಿನ ಸಭೆಯಲ್ಲಿ ರಸ್ತೆ, ಪೊಲೀಸ್, ಅಗ್ನಿಶಾಮಕ ದಳ ಎಲ್ಲವೂ ತಮ್ಮ ಲೆಕ್ಕ ಹಿಡಿದು ಕೂತಿರುತ್ತವೆ. ಅಲ್ಲಿ ಗ್ರಂಥಪಾಲಕರು ಎದ್ದು ನಿಂತು ‘ನಮ್ಮಲ್ಲಿ 20 ಕಂಪ್ಯೂಟರ್‌ಗಳಿವೆ’ ಎಂದರೆ ‘ಸಂತೋಷ, ಅಷ್ಟು ಸಾಕು’ ಎಂಬ ಉತ್ತರ ಬರುವುದು ಸಹಜ. ಆ 20 ಕಂಪ್ಯೂಟರ್‌ಗಳಿಂದ ಎಷ್ಟು ಮಂದಿಯ ಯಾವ ಕೆಲಸ ಆಯಿತು ಎಂದು ಹೇಳಲು ಅವರ ಕೈಯಲ್ಲಿ ಏನೂ ಇರಲಿಲ್ಲ.

ಹನ್ನೊಂದು ಪ್ರಶ್ನೆಗಳು

ಈ ಹಿನ್ನೆಲೆಯಲ್ಲಿ ರೂಪುಗೊಂಡದ್ದು ‘ಎಡ್ಜ್’ ಎಂಬ ಹೆಸರಿನ ಯೋಜನೆ. ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ, ಅಮೆರಿಕದ ನಗರ ಗ್ರಂಥಾಲಯಗಳ ಮಂಡಳಿಯ ನೇತೃತ್ವದಲ್ಲಿ, ಹಲವು ಗ್ರಂಥಾಲಯ ಸಂಘಗಳು ಮತ್ತು ಸ್ಥಳೀಯ ಆಡಳಿತದ ಸಂಘಟನೆಗಳು ಸೇರಿ ಇದನ್ನು ಸಿದ್ಧಪಡಿಸಿದವು. ಕೆಲವೆಡೆ ಪ್ರಯೋಗ ಮಾಡಿ ನೋಡಿ, ತಿದ್ದಿ, 2014ರಲ್ಲಿ ದೇಶದ ಎಲ್ಲ ಸಾರ್ವಜನಿಕ ಗ್ರಂಥಾಲಯಗಳಿಗೂ ತೆರೆಯಲಾಯಿತು.

ಎಡ್ಜ್‌ನಲ್ಲಿದ್ದದ್ದು 11 ಮಾನದಂಡಗಳು. ಅವು ಮೂರು ಗುಂಪುಗಳಾಗಿದ್ದವು.

ಮೊದಲ ಗುಂಪು ಊರಿನ ಜನಕ್ಕೆ ಸಿಗುವ ಪ್ರಯೋಜನದ್ದು. ಕಂಪ್ಯೂಟರ್ ಬಳಸಲು ಬಾರದವರಿಗೆ ಗ್ರಂಥಾಲಯ ಕಲಿಸುತ್ತದೆಯೇ? ಜನರಿಗೆ ಬೇಕಾದ ಡಿಜಿಟಲ್ ಸಾಮಗ್ರಿ ಅಲ್ಲಿ ಸಿಗುತ್ತದೆಯೇ, ತಾವೇ ಏನಾದರೂ ತಯಾರಿಸಲು ಅವಕಾಶವಿದೆಯೇ? ಉದ್ಯೋಗ, ಶಿಕ್ಷಣ, ಆರೋಗ್ಯ, ಸರ್ಕಾರಿ ಸೇವೆ ಇಂಥ ಸ್ವಂತ ಅಗತ್ಯಗಳಿಗೆ ನೆರವು ಸಿಗುತ್ತದೆಯೇ?

ಎರಡನೆಯ ಗುಂಪು ಊರಿನೊಂದಿಗೆ ಮತ್ತು ಊರನ್ನು ಆಳುವವರೊಂದಿಗೆ ಇರುವ ಸಂಬಂಧದ್ದು. ಊರಿಗೆ ಏನು ಬೇಕು ಎಂದು ಕೇಳಿ ತೀರ್ಮಾನ ಮಾಡಲಾಗಿದೆಯೇ, ಅಥವಾ ಗ್ರಂಥಾಲಯದವರೇ ಊಹಿಸಿಕೊಂಡಿದ್ದಾರೆಯೇ? ಶಾಲೆ, ಆಸ್ಪತ್ರೆ, ಉದ್ಯೋಗ ಕಚೇರಿ, ಸ್ವಯಂಸೇವಾ ಸಂಘ ಇವುಗಳ ಜೊತೆ ಕೈಜೋಡಿಸಲಾಗಿದೆಯೇ? ಕಲಿತ ಪಾಠವನ್ನು ಇತರ ಗ್ರಂಥಾಲಯಗಳ ಜೊತೆ ಹಂಚಿಕೊಳ್ಳಲಾಗುತ್ತಿದೆಯೇ?

ಮೂರನೆಯ ಗುಂಪು ಒಳಗಿನ ಆಡಳಿತದ್ದು. ಗ್ರಂಥಾಲಯದ ಯೋಜನೆ ಮತ್ತು ನಿಯಮಗಳಲ್ಲಿ ಈ ಸೇವೆಗೆ ಸ್ಥಾನವಿದೆಯೇ? ಕಂಪ್ಯೂಟರ್ ಬಲ್ಲ ಸಿಬ್ಬಂದಿ ಸಾಕಷ್ಟಿದ್ದಾರೆಯೇ? ಬರುವ ಜನಕ್ಕೆ ಯಂತ್ರಗಳು ಮತ್ತು ಸಂಪರ್ಕದ ವೇಗ ಸಾಲುತ್ತದೆಯೇ? ಅವುಗಳ ನಿರ್ವಹಣೆ ಸರಿಯಾಗಿ ನಡೆದಿದೆಯೇ? ಅಂಗವಿಕಲರು ಈ ಸೇವೆಯನ್ನು ಬಳಸಲು ಸಾಧ್ಯವಿದೆಯೇ?

ಒಮ್ಮೆ ಲೆಕ್ಕ ಹಾಕಿ ನೋಡಿ. ಹನ್ನೊಂದರಲ್ಲಿ ಯಂತ್ರಗಳ ಸಂಖ್ಯೆ ಮತ್ತು ವೇಗ ಕೇಳುವುದು ಒಂದೇ ಒಂದು ಮಾನದಂಡ. ಉಳಿದ ಹತ್ತು, ಆ ಯಂತ್ರದ ಸುತ್ತ ಇರುವ ಮನುಷ್ಯರ ಬಗ್ಗೆ ಮತ್ತು ವ್ಯವಸ್ಥೆಯ ಬಗ್ಗೆ. ಆಲ್ವಿನ್ ಜಾನ್ಸನ್ 1916ರಲ್ಲಿ ಕಟ್ಟಡಗಳ ಬಗ್ಗೆ ಹೇಳಿದ್ದನ್ನೇ ಈ ಪಟ್ಟಿ ಕಂಪ್ಯೂಟರ್‌ಗಳ ಬಗ್ಗೆ ಹೇಳುತ್ತಿತ್ತು.

ಬಳಸುವ ಕ್ರಮವೂ ಸರಳ. ಗ್ರಂಥಾಲಯದ ಸಿಬ್ಬಂದಿ ಒಟ್ಟಿಗೆ ಕೂತು ಪ್ರತಿ ಮಾನದಂಡದ ಕೆಳಗಿರುವ ಚಿಕ್ಕ ಚಿಕ್ಕ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಗುರುತಿಸಬೇಕು. ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂಬುದು ಅದರಿಂದ ಕಾಣುತ್ತದೆ. ಮುಂದಿನ ವರ್ಷ ಯಾವುದನ್ನು ಸರಿಪಡಿಸಬೇಕು ಎಂದು ತೀರ್ಮಾನಿಸಿ ಕೆಲಸದ ಪಟ್ಟಿ ಮಾಡಿಕೊಳ್ಳಬೇಕು. ಕೊನೆಗೆ ಆ ಚಿತ್ರವನ್ನು ಊರಿನ ಆಡಳಿತದ ಮುಂದೆ ಇಡಬೇಕು. ಹೀಗೆ ಇಡಲು ಬೇಕಾದ ಮಾದರಿಗಳನ್ನೂ ಯೋಜನೆಯೇ ಒದಗಿಸಿತ್ತು. ತನ್ನನ್ನು ತಾನು ಅಳೆದುಕೊಳ್ಳುವುದು ಮೊದಲ ಹೆಜ್ಜೆ, ಹಣ ಕೊಡುವವರಿಗೆ ಅದನ್ನು ಅರ್ಥಮಾಡಿಸುವುದು ಕೊನೆಯ ಹೆಜ್ಜೆ. ನಡುವಿನ ಹೆಜ್ಜೆ, ಅಂದರೆ ಸುಧಾರಣೆ, ನಡೆಯದಿದ್ದರೆ ಇವೆರಡೂ ಕಾಗದದ ಕಸರತ್ತಾಗಿ ಉಳಿಯುತ್ತವೆ.

ಬಂದವರನ್ನೇ ಕೇಳುವುದು

ಮಾನದಂಡಗಳಿಗೆ ಉತ್ತರ ಕೊಡುವವರು ಗ್ರಂಥಾಲಯದವರು. ಅಡುಗೆ ಮಾಡಿದವರನ್ನೇ ರುಚಿ ಕೇಳಿದಂತೆ ಇದು. ಊಟ ಮಾಡಿದವರನ್ನೂ ಕೇಳಬೇಕಲ್ಲವೇ? 2010ರ ಅಧ್ಯಯನ ನಡೆಸಿದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವೇ ಇದಕ್ಕೊಂದು ದಾರಿ ಮಾಡಿತು. ಗ್ರಂಥಾಲಯಗಳು ತಮ್ಮ ಬಳಕೆದಾರರಿಗೆ ಕೇಳಬಹುದಾದ ಸಿದ್ಧ ಪ್ರಶ್ನಾವಳಿಯನ್ನು ರೂಪಿಸಿ ಕೊಟ್ಟಿತು. 2015ರಲ್ಲಿ ಅಮೆರಿಕದ ಸಾರ್ವಜನಿಕ ಗ್ರಂಥಾಲಯ ಸಂಘ ‘ಪ್ರಾಜೆಕ್ಟ್ ಔಟ್‌ಕಮ್’ ಎಂಬ ಇನ್ನೂ ಚಿಕ್ಕ, ಇನ್ನೂ ಸುಲಭವಾದ ಕ್ರಮವನ್ನು ತಂದಿತು. ಕಂಪ್ಯೂಟರ್ ತರಗತಿಗೆ ಬಂದವರಿಗೆ ಕೊನೆಯಲ್ಲಿ ಕೆಲವೇ ಪ್ರಶ್ನೆ. ಹೊಸದೇನಾದರೂ ತಿಳಿಯಿತೇ? ಧೈರ್ಯ ಹೆಚ್ಚಿತೇ? ಕಲಿತದ್ದನ್ನು ಬಳಸುತ್ತೀರಾ? ಗ್ರಂಥಾಲಯದಲ್ಲಿ ಇಂಥ ಸೇವೆಗಳಿವೆ ಎಂಬುದು ಈಗ ಗೊತ್ತಾಯಿತೇ?

ಇಲ್ಲಿ ‘ಧೈರ್ಯ’ ಎಂಬ ಮಾತು ಮುಖ್ಯ. ಕಂಪ್ಯೂಟರ್ ಮುಟ್ಟಿದರೆ ಎಲ್ಲಿ ಕೆಟ್ಟುಹೋಗುತ್ತದೋ ಎಂದು ಕೈ ಹಿಂದೆಗೆಯುವ ಹಿರಿಯರು ಯಾವ ದೇಶದಲ್ಲಾದರೂ ಇದ್ದಾರೆ. ಆ ಅಂಜಿಕೆ ಹೋದದ್ದನ್ನು ಯಂತ್ರದ ಗಂಟೆಗಳಲ್ಲಿ ಅಳೆಯಲು ಬರುವುದಿಲ್ಲ. ಅವರನ್ನೇ ಕೇಳಿ ತಿಳಿಯಬೇಕು.

ಅಳತೆಗೂ ಒಂದು ಮಿತಿ

ಅಂದ ಮಾತ್ರಕ್ಕೆ ಅಳತೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದಲ್ಲ. ಮೂರು ಎಚ್ಚರಿಕೆಗಳನ್ನು ಮನಸ್ಸಿನಲ್ಲಿಡಬೇಕು.

ಒಂದು, ಗ್ರಂಥಾಲಯದ ಒಳಗೆ ಕೂತು ಕೇಳುವ ಪ್ರಶ್ನೆಗೆ ಉತ್ತರ ಕೊಡುವವರು ಒಳಗೆ ಬಂದವರು ಮಾತ್ರ. ಬಾರದೆ ಉಳಿದವರು ಯಾರು, ಏಕೆ ಬರಲಿಲ್ಲ ಎಂಬುದು ಆ ಕಾಗದದಲ್ಲಿ ಇರುವುದಿಲ್ಲ. ಸಮಯ ಹೊಂದದ ಕೂಲಿಕಾರರು, ಮೆಟ್ಟಿಲು ಹತ್ತಲಾರದವರು, ‘ಅದು ಓದು ಬಲ್ಲವರ ಜಾಗ’ ಎಂದು ದೂರ ಉಳಿದವರು. ಇವರನ್ನು ಹುಡುಕಿಕೊಂಡು ಹೋಗಿ ಕೇಳದೆ ಅಳತೆ ಪೂರ್ತಿಯಾಗದು.

ಎರಡು, ಖಾಸಗಿತನ. ಕೆಲಸ ಆಯಿತೇ ಎಂದು ಕೇಳುವುದು ಬೇರೆ, ಏನು ನೋಡಿದಿರಿ ಎಂದು ಇಣುಕುವುದು ಬೇರೆ. ಅಮೆರಿಕದಲ್ಲಿ 2001ರ ಪೇಟ್ರಿಯಟ್ ಕಾಯ್ದೆ ಬಂದು, ಓದುಗರ ದಾಖಲೆಗಳನ್ನು ತನಿಖಾ ಸಂಸ್ಥೆಗಳು ಪಡೆಯಲು ದಾರಿಯಾದಾಗ ಗ್ರಂಥಪಾಲಕರು ಬಲವಾಗಿ ಪ್ರತಿಭಟಿಸಿದರು. ಬೇಡದ ದಾಖಲೆಯನ್ನು ಇಟ್ಟುಕೊಳ್ಳದೆ ಆಗಾಗ ನಾಶಮಾಡುವ ಕ್ರಮವನ್ನೂ ಕೆಲವು ಗ್ರಂಥಾಲಯಗಳು ಅನುಸರಿಸಿದವು. ರೋಗದ ಬಗ್ಗೆ ಹುಡುಕಲು ಬಂದವರ ಹೆಸರನ್ನೂ ರೋಗವನ್ನೂ ಒಂದೇ ಸಾಲಿನಲ್ಲಿ ಬರೆದಿಡುವ ಗ್ರಂಥಾಲಯಕ್ಕೆ ಅವರು ಮತ್ತೆ ಬರಲಾರರು.

ಮೂರು, ಅಂಕಿಯ ಆಸೆ. ಅಂಕ ಕೊಡುವ ಪದ್ಧತಿ ಬಂದರೆ ಅಂಕಕ್ಕಾಗಿಯೇ ಕೆಲಸ ಮಾಡುವ ಚಾಳಿ ಬರುತ್ತದೆ. ಒಬ್ಬ ವೃದ್ಧರಿಗೆ ಒಂದು ಗಂಟೆ ಕೂತು ಕಲಿಸುವುದಕ್ಕಿಂತ ಆರು ಯುವಕರಿಗೆ ಹತ್ತು ಹತ್ತು ನಿಮಿಷ ಕೊಟ್ಟರೆ ಲೆಕ್ಕ ಚೆಂದ ಕಾಣುತ್ತದೆ. ಅಳತೆ ಸುಧಾರಣೆಗೆ ಹೊರತು ಸ್ಪರ್ಧೆಗಲ್ಲ ಎಂಬುದನ್ನು ಮೇಲಿನವರೂ ಕೆಳಗಿನವರೂ ಒಪ್ಪಿಕೊಂಡಿರಬೇಕು.

ಅಳತೆ ಇದ್ದರೂ ರಾಜಕೀಯ ನಿರ್ಧಾರಗಳು ಬೇರೆ ದಾರಿ ಹಿಡಿಯಬಹುದು ಎಂಬುದಕ್ಕೆ ಅಮೆರಿಕವೇ ಸಾಕ್ಷಿ. ಅಲ್ಲಿನ ಗ್ರಂಥಾಲಯಗಳಿಗೆ ಕೇಂದ್ರ ಸರ್ಕಾರದ ಹಣ ಹಂಚುವ ಸಂಸ್ಥೆಯನ್ನು ಕುಗ್ಗಿಸುವ ಆದೇಶ 2025ರ ಮಾರ್ಚ್‌ನಲ್ಲಿ ಹೊರಬಿತ್ತು. 21 ರಾಜ್ಯಗಳು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಅಳತೆ ಎಂಬುದು ಗ್ರಂಥಾಲಯಕ್ಕೆ ರಕ್ಷಾಕವಚವಲ್ಲ. ಆದರೆ ವಾದಕ್ಕೆ ನಿಂತಾಗ ಲೆಕ್ಕ ಕೈಯಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ.

ಪಂಚಾಯಿತಿಯ ಗ್ರಂಥಾಲಯದಲ್ಲಿ

ಈಗ ಕರ್ನಾಟಕದ ಕಡೆ ತಿರುಗಬಹುದು. ಗ್ರಂಥಾಲಯವನ್ನು ಓದುಗರ ಕಡೆಯಿಂದ ನೋಡಬೇಕು ಎಂಬ ವಿಚಾರ ಇಲ್ಲಿಗೆ ಹೊಸದೇನಲ್ಲ. ಗಣಿತದ ಅಧ್ಯಾಪಕರಾಗಿದ್ದು ಮುಂದೆ ಗ್ರಂಥಾಲಯ ವಿಜ್ಞಾನಕ್ಕೆ ಬಂದ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಬಳಕೆಯಾಗದ ಪುಸ್ತಕಕ್ಕೆ ಅರ್ಥವಿಲ್ಲ, ಓದುಗರ ಹೊತ್ತು ಹಾಳಾಗಬಾರದು ಎಂಬ ನಿಲುವು ಅವುಗಳ ಬೆನ್ನೆಲುಬು. ಅದೇ ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಗ್ರಂಥಾಲಯ ತರಬೇತಿ ಕೇಂದ್ರ ಸ್ಥಾಪಿಸಿ, 1972ರಲ್ಲಿ ನಿಧನರಾಗುವವರೆಗೂ ಇಲ್ಲಿಯೇ ಇದ್ದರು. ಅವರ ಸೂತ್ರಗಳಲ್ಲಿ ಪುಸ್ತಕ ಎಂದಿರುವ ಕಡೆ ಕಂಪ್ಯೂಟರ್ ಎಂದು ಓದಿಕೊಂಡರೆ ಎಡ್ಜ್‌ನ ಹನ್ನೊಂದು ಪ್ರಶ್ನೆಗಳಲ್ಲಿ ಹಲವು ತಾವಾಗಿಯೇ ಹುಟ್ಟಿಕೊಳ್ಳುತ್ತವೆ.

ಕಾರ್ನೆಗಿಯ ಷರತ್ತಿಗೆ ಸಮನಾದ ಏರ್ಪಾಡೂ ಇಲ್ಲಿತ್ತು. 1965ರ ಗ್ರಂಥಾಲಯ ಕಾಯ್ದೆ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಿಧಿಸಿತು. ಅಂದರೆ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ಗ್ರಂಥಾಲಯದ ಪಾಲುದಾರರು. ತಮ್ಮ ದುಡ್ಡಿನಿಂದ ಏನಾಯಿತು ಎಂದು ಕೇಳುವ ಹಕ್ಕು ಅವರಿಗಿದೆ, ಹೇಳುವ ಹೊಣೆ ಗ್ರಂಥಾಲಯಕ್ಕಿದೆ.

2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ‘ಅರಿವು ಕೇಂದ್ರ’ ಎಂಬ ಹೊಸ ಹೆಸರು ಬಂತು. ಅನೇಕ ಕಡೆ ಕಂಪ್ಯೂಟರ್, ಟಿ.ವಿ., ಇಂಟರ್ನೆಟ್ ಬಂದವು. ಅಮೆರಿಕದ ಗ್ರಂಥಾಲಯಗಳು 2002ರಲ್ಲಿ ನಿಂತಿದ್ದ ಜಾಗವಿದು. ಯಂತ್ರ ತಲುಪಿದೆ, ಅದರಿಂದ ಏನಾಯಿತು ಎಂಬ ಪ್ರಶ್ನೆ ಎದುರಿಗಿದೆ.

ಹಾಗೆಂದು ಅಮೆರಿಕದ ಹನ್ನೊಂದು ಪ್ರಶ್ನೆಗಳನ್ನು ಇಲ್ಲಿಗೆ ತಂದು ಅಂಟಿಸಿದರೆ ಪ್ರಯೋಜನವಿಲ್ಲ. ಅಲ್ಲಿ ಸಿಬ್ಬಂದಿಯ ತಂಡ ಕೂತು ಚರ್ಚಿಸುತ್ತದೆ. ಹಳ್ಳಿಯ ಗ್ರಂಥಾಲಯದಲ್ಲಿ ಇರುವವರು ಒಬ್ಬರೇ ಮೇಲ್ವಿಚಾರಕರು. ಬೀಗ ತೆಗೆಯುವವರೂ ಅವರೇ, ಪತ್ರಿಕೆ ಜೋಡಿಸುವವರೂ ಅವರೇ, ಮಕ್ಕಳನ್ನು ಕೂರಿಸಿ ಕತೆ ಓದಿಸುವವರೂ ಅವರೇ. ಆದ್ದರಿಂದ ಪ್ರಶ್ನೆಗಳು ಕಡಿಮೆ ಇರಬೇಕು, ಸ್ಥಳದ್ದಾಗಿರಬೇಕು.

ಅಂಥ ಪ್ರಶ್ನೆಗಳು ಹೀಗಿರಬಹುದು. ಕರೆಂಟ್ ಇರುವ ಹೊತ್ತಿಗೂ ಗ್ರಂಥಾಲಯ ತೆರೆದಿರುವ ಹೊತ್ತಿಗೂ ಹೊಂದಾಣಿಕೆ ಇದೆಯೇ? ಕಂಪ್ಯೂಟರ್ ಕೆಟ್ಟರೆ ಯಾರಿಗೆ ಹೇಳಬೇಕು, ಎಷ್ಟು ದಿನದಲ್ಲಿ ಸರಿಯಾಯಿತು? ಮೇಲ್ವಿಚಾರಕರಿಗೆ ಕೊಟ್ಟ ತರಬೇತಿ ಒಂದು ದಿನದ್ದೇ, ಕೆಲಸಕ್ಕೆ ಸಾಲುವಷ್ಟೇ? ಯಂತ್ರದಲ್ಲಿ ಕನ್ನಡ ಟೈಪ್ ಮಾಡಲು ‘ನುಡಿ’ಯಂಥ ತಂತ್ರಾಂಶ ಇದೆಯೇ, ಇದ್ದರೂ ಬಳಸಲು ಯಾರಾದರೂ ಕಲಿಸಿದರೇ? ಸಂಜೆ ಹುಡುಗರು ತುಂಬಿಕೊಂಡಾಗ ಹೆಣ್ಣುಮಕ್ಕಳಿಗೆ ಕೂರಲು ಜಾಗವೂ ಸಮಯವೂ ಸಿಗುತ್ತದೆಯೇ? ಗಾಲಿಕುರ್ಚಿ ಒಳಗೆ ಬರಲು ಇಳಿಜಾರು ಇದೆಯೇ? ಪರದೆಯ ಮೇಲಿನ ಅಕ್ಷರವನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಊರಿನ ಅಂಧ ವಿದ್ಯಾರ್ಥಿಗಾಗಿ ಅದನ್ನು ಹಾಕಿಸಲಾಗಿದೆಯೇ? ಇವು ಯಾವುದಕ್ಕೂ ದೊಡ್ಡ ಹಣ ಬೇಡ. ಕೆಲವಕ್ಕೆ ಹಣವೇ ಬೇಡ.

ಬಂದವರ ಲೆಕ್ಕಕ್ಕೂ ಒಂದು ಸುಲಭ ಉಪಾಯ ಸಾಧ್ಯ. ಸಹಿಯ ಪುಸ್ತಕದ ಪಕ್ಕದಲ್ಲಿ ಇನ್ನೊಂದು ನೋಟುಪುಸ್ತಕ. ಅದರಲ್ಲಿ ಹೆಸರು ಬೇಡ. ಮೂರೇ ಮೂರು ಕಲಂ ಸಾಕು. ಬಂದ ಕೆಲಸ ಏನು? ಆಯಿತೇ? ಆಗದಿದ್ದರೆ ಏಕೆ ಆಗಲಿಲ್ಲ? ಪಹಣಿ ತೆಗೆಯಲು ಬಂದ ರೈತ, ವಿದ್ಯಾರ್ಥಿವೇತನದ ಅರ್ಜಿ ಹಾಕಲು ಬಂದ ಹುಡುಗಿ, ಪಿಂಚಣಿ ಏಕೆ ನಿಂತಿತೆಂದು ನೋಡಲು ಬಂದ ಅಜ್ಜಿ. ಓಟಿಪಿ ಮಗನ ಫೋನಿಗೆ ಹೋಯಿತು, ಮಗ ಬೆಂಗಳೂರಿನಲ್ಲಿದ್ದಾನೆ, ಅಜ್ಜಿಯ ಕೆಲಸ ಆಗಲಿಲ್ಲ. ಹಾಜರಿಯ ಲೆಕ್ಕದಲ್ಲಿ ಆ ಅಜ್ಜಿ ‘ಒಬ್ಬ ಬಳಕೆದಾರರು’. ಈ ನೋಟುಪುಸ್ತಕದಲ್ಲಿ ಮಾತ್ರ ಆಕೆ ಬಗೆಹರಿಯದ ಒಂದು ಸಮಸ್ಯೆ. ಒಂದು ತಿಂಗಳಲ್ಲಿ ಇಂಥವರು ಹತ್ತು ಮಂದಿ ಬಂದರೆ ಅದು ಗ್ರಂಥಾಲಯದ ತೊಂದರೆಯಾಗಿ ಉಳಿಯುವುದಿಲ್ಲ, ಸೇವೆ ಕೊಡುವ ಇಲಾಖೆಯ ಗಮನಕ್ಕೆ ಹೋಗಬೇಕಾದ ದೂರು ಆಗುತ್ತದೆ. ಅದನ್ನು ಮೊದಲು ಕಂಡವರು ಮೇಲ್ವಿಚಾರಕರು. ಬರೆದಿಡದಿದ್ದರೆ ಅದು ಅವರ ನೆನಪಿನಲ್ಲೇ ಕರಗಿಹೋಗುತ್ತದೆ.

ಅಮೆರಿಕದ ಗ್ರಂಥಪಾಲಕರು ತಮ್ಮ ಲೆಕ್ಕವನ್ನು ನಗರಸಭೆಯ ಮುಂದೆ ಇಡಬೇಕಾಗಿತ್ತು. ಇಲ್ಲಿ ಅದಕ್ಕಿಂತ ಹತ್ತಿರದ ವೇದಿಕೆ ಇದೆ, ಅದು ಗ್ರಾಮಸಭೆ. ರಸ್ತೆ, ನೀರು, ಬೀದಿದೀಪದ ಮಾತು ನಡೆಯುವ ಅದೇ ಸಭೆಯಲ್ಲಿ ಮೇಲ್ವಿಚಾರಕರು ಎದ್ದು ನಿಂತು ‘ಈ ಆರು ತಿಂಗಳಲ್ಲಿ ಇಷ್ಟು ಮಂದಿ ಇಂಥ ಕೆಲಸಕ್ಕೆ ಬಂದರು, ಇಷ್ಟು ಮಂದಿಯದು ಆಯಿತು, ಇಷ್ಟು ಮಂದಿಯದು ಇಂಥ ಕಾರಣಕ್ಕೆ ಆಗಲಿಲ್ಲ, ಇಷ್ಟು ಕೊಟ್ಟರೆ ಅದೂ ಆಗುತ್ತದೆ’ ಎಂದು ನಾಲ್ಕು ಮಾತು ಹೇಳಿದರೆ ಅದನ್ನು ತಳ್ಳಿಹಾಕುವುದು ಯಾವ ಅಧ್ಯಕ್ಷರಿಗೂ ಸುಲಭವಲ್ಲ. ಕೇಳುತ್ತಾ ಕೂತವರಲ್ಲಿ ಆ ಹುಡುಗಿಯ ತಂದೆಯೂ ಇರುತ್ತಾರೆ, ಆ ಅಜ್ಜಿಯ ನೆರೆಯವರೂ ಇರುತ್ತಾರೆ.

ಕಂಪ್ಯೂಟರಿನ ಆಯುಷ್ಯ ಹೆಚ್ಚಲ್ಲ. ಇಂದು ಹೊಳೆಯುವ ಯಂತ್ರ ನಾಲ್ಕೈದು ವರ್ಷದಲ್ಲಿ ಹಳೆಯದಾಗುತ್ತದೆ. ಆಗ ಹೊಸದು ಬೇಕೆಂದು ಕೇಳಲು ಗ್ರಂಥಾಲಯ ಮತ್ತೆ ಅದೇ ಬಾಗಿಲಿಗೆ ಹೋಗಬೇಕು. ‘ಹಿಂದೆ ಕೊಟ್ಟದ್ದರಿಂದ ಏನಾಯಿತು?’ ಎಂಬ ಪ್ರಶ್ನೆ ಅಲ್ಲಿ ಬಂದೇ ಬರುತ್ತದೆ. ಆ ಪ್ರಶ್ನೆಗೆ ಉತ್ತರ ಅಂದು ಹುಡುಕಿದರೆ ಸಿಗುವುದಿಲ್ಲ, ಇಂದಿನಿಂದಲೇ ಬರೆದಿಡಬೇಕು. ಮೂರು ಕಲಂಗಳಲ್ಲಿ ಮೂರನೆಯದನ್ನು, ಕೆಲಸ ಏಕೆ ಆಗಲಿಲ್ಲ ಎಂಬುದನ್ನು, ಮುಚ್ಚಿಡದೆ ಬರೆಯುವ ಗ್ರಂಥಾಲಯವೇ ಮುಂದಿನ ವರ್ಷ ಸುಧಾರಿಸುವ ಗ್ರಂಥಾಲಯ.